ಮರದ ಹಡಗಿನ ಕಿಟ್ ಬದಲಿಸಿ ಕಟ್ಟುವಾಗ: ದೋಷ ಕಾಣುವುದೆಲ್ಲಿ, ಹುಟ್ಟುವುದೆಲ್ಲಿ

ಮರದ ಮಾದರಿ ಹಡಗಿನ ಕಿಟ್ಟಿನಲ್ಲಿ ಬಂದದ್ದನ್ನು ಬಂದ ಹಾಗೇ ಜೋಡಿಸುವವರ ತೊಂದರೆಗಳು ಒಂದು ಬಗೆ. ಪಟ್ಟಿ ಬದಲಿಸಿ, ಡೆಕ್ ಬದಲಿಸಿ, ತಳಕ್ಕೆ ತಾಮ್ರ ಹೊದಿಸಿ, ಹಗ್ಗ ಬೇರೆ ಕಟ್ಟಿ ತಮ್ಮದೇ ಹಡಗು ಮಾಡಿಕೊಳ್ಳುವವರ ತೊಂದರೆಗಳು ಬೇರೆ. ಈ ಎರಡನೆಯವರ ದೋಷಗಳಲ್ಲಿ ಹೆಚ್ಚಿನವು ಕಾಣಿಸಿಕೊಂಡ ಜಾಗದಲ್ಲಿ ಹುಟ್ಟಿರುವುದಿಲ್ಲ. ಫಿರಂಗಿಯ ಮೂತಿ ಕಿಂಡಿಯ ಮೇಲಂಚಿಗೆ ತಾಗುತ್ತಿದ್ದರೆ ಫಿರಂಗಿಯನ್ನು ಬೈದು ಪ್ರಯೋಜನವಿಲ್ಲ. ಮೂರು ವಾರ ಹಿಂದೆ ಅಂಟಿಸಿದ ಡೆಕ್ ಪಟ್ಟಿಯ ದಪ್ಪ ನೋಡಬೇಕು. ಹಾಗಾಗಿ ಇಲ್ಲಿ ಪ್ರತಿ ಲಕ್ಷಣದಿಂದ ಹಿಂದಕ್ಕೆ ನಡೆದು ಮೂಲ ಹುಡುಕಿದೆ.

ಕೀಲ್ ಹಲಗೆಗೆ, ಅಂದರೆ ಹಡಗಿನ ಬೆನ್ನೆಲುಬಿನಂಥ ಉದ್ದ ಹಲಗೆಗೆ, ಬಲ್ಕ್‌ಹೆಡ್‌ಗಳೆಂಬ ಆಕಾರ ಕೊಡುವ ಹಲಗೆಗಳನ್ನು ಅಡ್ಡಲಾಗಿ ಸಿಕ್ಕಿಸಿ, ಅವುಗಳ ಮೇಲೆ ಎರಡು ಪದರ ಪಟ್ಟಿ ಹೊದಿಸುವ ಕಿಟ್‌ಗಳಿಗೆ ಈ ಮಾತುಗಳು ಅನ್ವಯಿಸುತ್ತವೆ. ಒಳಪದರ 1.5 ಮಿ.ಮೀ. ದಪ್ಪದ ಲೈಮ್ ಅಥವಾ ಬಾಸ್‌ವುಡ್, ಹೊರಪದರ 0.5 ಮಿ.ಮೀ. ವಾಲ್ನಟ್ ಎಂದಿಟ್ಟುಕೊಂಡು ಲೆಕ್ಕ ಮಾಡಿದೆ. ಬೇರೆ ಹೇಳದಿದ್ದರೆ ಪ್ರಮಾಣ 1:64.

ಅಂಟಿನ ಬಾಟಲಿ ತೆರೆಯುವ ಮುನ್ನ

ಮೊದಲು ವರ್ನಿಯರ್ ಕ್ಯಾಲಿಪರ್ ಕೈಗೆ ತೆಗೆದುಕೊಳ್ಳಿ. 5 ಮಿ.ಮೀ. ಎಂದು ಬರೆದಿರುವ ಪ್ಲೈವುಡ್ 4.7 ಇರಬಹುದು, 5.2 ಕೂಡ ಇರಬಹುದು. ಬಲ್ಕ್‌ಹೆಡ್ ಕಚ್ಚಿನಲ್ಲಿ ಅಲ್ಲಾಡುತ್ತಿದ್ದರೆ ಅಂಟು ತುಂಬಿ ಬಿಗಿ ಮಾಡಲು ಹೋಗಬೇಡಿ. ಒಣಗುವಾಗ ಅಂಟು ಕುಗ್ಗಿ ಬಲ್ಕ್‌ಹೆಡ್ಡನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ವೆನೀರಿನ ಚೂರೋ ದಪ್ಪ ಕಾಗದವೋ ಸೇರಿಸಿದರೆ ಸಾಕು. ಬಿಗಿಯಾಗಿದ್ದರೆ ಕಚ್ಚಿನ ಎರಡೂ ಗೋಡೆಗಳನ್ನು ಸಮನಾಗಿ ಅರದಿಂದ ಉಜ್ಜಿ. ಬಲ್ಕ್‌ಹೆಡ್ಡಿನ ಕಚ್ಚಿನಲ್ಲಿ ಒಂದೇ ಗೋಡೆ ಸವೆಸಿದರೆ ನಡುಗೆರೆ ತಪ್ಪಿ, ಒಡಲು ಒಂದು ಕಡೆ ಉಬ್ಬಿದಂತೆ ಕಾಣುತ್ತದೆ.

ಲೇಸರ್‌ನಿಂದ ಕತ್ತರಿಸಿದ ಅಂಚಿನ ಕಪ್ಪು ಕರಿ ಅಂಟನ್ನು ಸರಿಯಾಗಿ ಹಿಡಿಯುವುದಿಲ್ಲ. ಅಂಟು ತಾಗುವ ಮುಖವನ್ನು ಮಾತ್ರ 180ರ ಉಪ್ಪುಕಾಗದದಿಂದ ಎರಡು ಸಲ ಎಳೆದು ಬಿಡಿ. ಕರಿ ಪೂರ್ತಿ ಹೋಗಲಿ ಎಂದು ಉಜ್ಜುತ್ತ ಹೋದರೆ ಬಲ್ಕ್‌ಹೆಡ್ಡಿನ ಅಳತೆಯೇ ಕಡಿಮೆಯಾಗುತ್ತದೆ.

ಪೆಟ್ಟಿಗೆಯ ಮೇಲೆ ಅಚ್ಚಾದ ಪ್ರಮಾಣವನ್ನೂ ಪರೀಕ್ಷಿಸಬೇಕು. ಹಡಗಿನ ಅಧಿಕೃತ ಅಳತೆ ಒಂದು ಗೊತ್ತಿದ್ದರೆ ಸಾಕು. ಉದಾಹರಣೆಗೆ ಬ್ರಿಟಿಷ್ ನೌಕಾಪಡೆಯ ವಿಕ್ಟರಿಯ ಫಿರಂಗಿ ಡೆಕ್ಕಿನ ಉದ್ದ 186 ಅಡಿ, ಅಂದರೆ 56.7 ಮೀಟರ್. 1:72 ಎಂದು ಹೇಳುವ ಕಿಟ್ಟಿನಲ್ಲಿ ಅದೇ ಡೆಕ್ 787 ಮಿ.ಮೀ. ಬರಬೇಕು. 760 ಬಂದರೆ ಕಿಟ್ 1:75ರ ಹತ್ತಿರ ಇದೆ ಎಂದರ್ಥ. ಹೊರಗಿನಿಂದ 1:72ರ ಫಿರಂಗಿ, ದೋಣಿ, ರಾಟೆ ತಂದು ಹಾಕಿದರೆ ಎಲ್ಲವೂ ಸ್ವಲ್ಪ ದೊಡ್ಡದೆನಿಸುತ್ತದೆ. ಇನ್ನೊಂದು ಸುಲಭ ಅಳತೆ ಮನುಷ್ಯನದು. 170 ಸೆಂ.ಮೀ. ಎತ್ತರದವನು 1:64ರಲ್ಲಿ 26.5 ಮಿ.ಮೀ. ಆಗುತ್ತಾನೆ. ಅಷ್ಟೆತ್ತರದ ರಟ್ಟಿನ ಗೊಂಬೆ ಕತ್ತರಿಸಿ ಡೆಕ್ ಮೇಲೆ ನಿಲ್ಲಿಸಿ. ಬಾಗಿಲು, ಕಟಕಟೆ, ಮೆಟ್ಟಿಲುಗಳ ತಪ್ಪು ಆ ಗೊಂಬೆಯೇ ತೋರಿಸುತ್ತದೆ.

ಬದಲಾವಣೆ ಮಾಡುವವರು ವರ್ಷವನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ವಿಕ್ಟರಿ ನೀರಿಗಿಳಿದದ್ದು 1765ರಲ್ಲಿ. ಅದರ ತಳಕ್ಕೆ ತಾಮ್ರ ಬಂದದ್ದು 1780ರಲ್ಲಿ. 1800ರಿಂದ 1803ರವರೆಗಿನ ದೊಡ್ಡ ದುರಸ್ತಿಯಲ್ಲಿ ಹಿಂಭಾಗದ ತೆರೆದ ಮೊಗಸಾಲೆಗಳನ್ನು ಮುಚ್ಚಿದರು, ಮುಂಭಾಗದ ಶಿಲ್ಪವನ್ನೂ ಬದಲಿಸಿದರು. ತೆರೆದ ಮೊಗಸಾಲೆ ಕೆತ್ತಿ, 1805ರ ಮುಂಶಿಲ್ಪ ಕೂರಿಸಿದರೆ ಯಾವ ಅಂಟಿನಿಂದಲೂ ಸರಿಪಡಿಸಲಾಗದ ದೋಷ ಅದು.

ಕೀಲ್ ಬಾಗಿದೆ, ಒಡಲು ತಿರುಚಿದೆ

ಈ ಎರಡನ್ನೂ ಒಂದೇ ಎಂದುಕೊಳ್ಳುವುದುಂಟು. ಪರೀಕ್ಷೆ ಬೇರೆ, ಚಿಕಿತ್ಸೆಯೂ ಬೇರೆ.

ಬಾಗು ತಿಳಿಯಲು ಕೀಲ್ ಹಲಗೆಯನ್ನು ದಪ್ಪ ಗಾಜಿನ ಮೇಲೆ ಮಲಗಿಸಿ ಸ್ಟೀಲ್ ಪಟ್ಟಿ ತಾಗಿಸಿ ನೋಡಿ. ಬೆಳಕು ನುಸುಳುವ ಕಡೆ ಒಳಬಾಗಿದೆ. ಒಳಬಾಗಿದ ಮುಖಕ್ಕೆ ಮಾತ್ರ ಒದ್ದೆ ಬಟ್ಟೆ ಸವರಿ, ಎದುರು ದಿಕ್ಕಿಗೆ ಸ್ವಲ್ಪ ಹೆಚ್ಚೇ ಬಾಗುವಂತೆ ಕ್ಲಾಂಪ್ ಹಾಕಿ 24ರಿಂದ 48 ಗಂಟೆ ಬಿಡಿ. ಒದ್ದೆಯಾದ ಮುಖ ಹಿಗ್ಗಿ ಹಲಗೆ ನೇರವಾಗುತ್ತದೆ. ಬಿಡಿಸಿದ ಮೇಲೆ ಒಂದು ದಿನ ಹಾಗೇ ಇಟ್ಟು ಮತ್ತೆ ನೋಡಿ. ಬಾಗು ಮರಳಿದರೆ ಆ ಹಲಗೆಯನ್ನು ನಕಲು ತೆಗೆದು ಹೊಸ ಪ್ಲೈವುಡ್‌ನಲ್ಲಿ ಕತ್ತರಿಸುವುದೇ ಲೇಸು. ನೇರವಾಗಿ ಉಳಿದರೆ ಬಲ್ಕ್‌ಹೆಡ್‌ಗಳ ನಡುವೆ ಕೀಲಿನ ಎರಡೂ ಮಗ್ಗುಲಿಗೆ ಮರದ ತುಂಡುಗಳನ್ನು ಮೂಲೆಮಟ್ಟಕ್ಕೆ ಕತ್ತರಿಸಿ ಅಂಟಿಸಿ. ಬಲ್ಕ್‌ಹೆಡ್ ಚೌಕವಾಗಿ ನಿಲ್ಲುವುದೂ ಕೀಲ್ ಮತ್ತೆ ಬಾಗದಿರುವುದೂ ಆ ತುಂಡುಗಳಿಂದಲೇ.

ತಿರುಚು ಹಾಗಲ್ಲ. ಮುಂದಿನ ಬಲ್ಕ್‌ಹೆಡ್ ಮೇಲೊಂದು, ಹಿಂದಿನದರ ಮೇಲೊಂದು ನೇರ ಕೋಲು ಅಡ್ಡ ಇಟ್ಟು ಒಂದರ ಹಿಂದಿನಿಂದ ಇನ್ನೊಂದನ್ನು ನೋಡಿ. ಎರಡು ಕೋಲೂ ಒಂದೇ ಗೆರೆಯಾಗಿ ಕಾಣಬೇಕು. ಬಾಗಿಲ ಚೌಕಟ್ಟು ಮಾಡುವ ಬಡಗಿ ಮಾಡುವ ಪರೀಕ್ಷೆಯೇ ಇದು. ಹೆಚ್ಚಿನ ತಿರುಚು ಹುಟ್ಟುವುದು ಪಟ್ಟಿ ಹೊದಿಸುವಾಗ: ಒಂದು ಮಗ್ಗುಲಿಗೆ ಐದಾರು ಪಟ್ಟಿ ಅಂಟಿಸಿ ಆಮೇಲೆ ಇನ್ನೊಂದಕ್ಕೆ ಹೋದರೆ ಮೊದಲ ಮಗ್ಗುಲು ಒಣಗುತ್ತ ಇಡೀ ಚೌಕಟ್ಟನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಎಡಕ್ಕೊಂದು, ಬಲಕ್ಕೊಂದು, ಹೀಗೇ ಸರದಿಯಲ್ಲಿ ಹೋಗಬೇಕು. ನಾಲ್ಕು ಪಟ್ಟಿ ಮುಗಿಯುವ ಮೊದಲು ಸಿಕ್ಕಿದ ತಿರುಚನ್ನು ಪಟ್ಟಿ ಬಿಡಿಸಿ ಸರಿಮಾಡಬಹುದು. ಒಳಪದರ ಮುಗಿದ ಮೇಲೆ ಸಿಕ್ಕರೆ ಹಡಗನ್ನು ನೀರುಗೆರೆಗೆ ಸಮತಟ್ಟಾಗಿ ನಿಲ್ಲಿಸಿ, ಮೇಲಂಚು, ಕಿಂಡಿ, ವೇಲ್ (ಒಡಲಿನ ಪಕ್ಕದುದ್ದಕ್ಕೂ ಹೋಗುವ ದಪ್ಪ ಪಟ್ಟಿ) ಎಲ್ಲವನ್ನೂ ತಳಹಲಗೆಯಿಂದ ಮರಳಿ ಗುರುತು ಹಾಕಿ. ತಿರುಚು ಉಳಿಯುತ್ತದೆ, ಕಣ್ಣಿಗೆ ಮಾತ್ರ ಬೀಳುವುದಿಲ್ಲ.

ಪಟ್ಟಿಗಳು: ಎದ್ದ ಅಂಚು, ಬಿರುಕು, ತಗ್ಗು

ಈ ಹವ್ಯಾಸದ ಅರ್ಧ ದೂರು ಇಲ್ಲಿಂದಲೇ ಬರುತ್ತದೆ. ಲಕ್ಷಣ ಎಲ್ಲಿದೆ ಎಂಬುದರ ಮೇಲೆ ಮೂಲ ಹೇಳಬಹುದು.

ಮುಂಭಾಗದಲ್ಲಿ ಪಟ್ಟಿಯ ಒಂದು ಅಂಚು ಎದ್ದು, ಪಕ್ಕದ ಪಟ್ಟಿಯ ಮೇಲೆ ಹೆಂಚಿನಂತೆ ಕೂತಿದ್ದರೆ ಅದನ್ನು ಅಗಲದ ದಿಕ್ಕಿನಲ್ಲಿ ಬಲವಂತವಾಗಿ ಬಾಗಿಸಲಾಗಿದೆ ಎಂದರ್ಥ. ಪಟ್ಟಿ ದಪ್ಪದ ದಿಕ್ಕಿನಲ್ಲಿ ಸುಲಭವಾಗಿ ಬಾಗುತ್ತದೆ, ಅಗಲದ ದಿಕ್ಕಿನಲ್ಲಿ ಬಾಗುವ ಬದಲು ಹೊರಳುತ್ತದೆ. ಕ್ಲಾಂಪು, ಮೊಳೆ, ಸೂಪರ್ ಗ್ಲೂ ಯಾವುದೂ ಇದಕ್ಕೆ ಮದ್ದಲ್ಲ. ಪಟ್ಟಿಯನ್ನು ಕಿರಿದು ಮಾಡಬೇಕು, ಅದಕ್ಕೆ ಲೆಕ್ಕ ಬೇಕು.

ನಡುವಿನ ಬಲ್ಕ್‌ಹೆಡ್ಡಿನ ಅಂಚಿಗೆ ಕಾಗದದ ಪಟ್ಟಿ ಸುತ್ತಿ ವೇಲ್‌ನಿಂದ ಕೀಲಿನವರೆಗೆ ಅಳೆಯಿರಿ. 100 ಮಿ.ಮೀ. ಬಂತು ಎನ್ನಿ, 5 ಮಿ.ಮೀ. ಅಗಲದ 20 ಪಟ್ಟಿ ಹಿಡಿಯುತ್ತವೆ. ಈಗ ತೀರ ಮುಂದಿನ ಬಲ್ಕ್‌ಹೆಡ್ ಅಳೆಯಿರಿ. 60 ಬಂದರೆ ಪ್ರತಿ ಪಟ್ಟಿಯೂ ಅಲ್ಲಿ 3 ಮಿ.ಮೀ.ಗೆ ಕಿರಿದಾಗಬೇಕು. 45 ಬಂದರೆ 2.25. ಇಲ್ಲಿ ತೊಡಕು: ಪಟ್ಟಿಯನ್ನು ಅರ್ಧ ಅಗಲಕ್ಕಿಂತ, ಅಂದರೆ 2.5ಕ್ಕಿಂತ, ಕಿರಿದು ಮಾಡಬಾರದು. ತುದಿ ಚೂಪಾಗಿ ಸೀಳುತ್ತದೆ, ನಿಜವಾದ ಹಡಗುಗಳಲ್ಲೂ ಹಾಗೆ ಮಾಡುತ್ತಿರಲಿಲ್ಲ, ಅಲ್ಲಿ ಮೊಳೆ ಹೊಡೆಯಲು ಜಾಗವೇ ಇರುತ್ತಿರಲಿಲ್ಲ. 45 ಮಿ.ಮೀ.ನಲ್ಲಿ 2.5ರ ಪಟ್ಟಿ 18 ಹಿಡಿಯುತ್ತವೆ, ಆದ್ದರಿಂದ ಎರಡು ಪಟ್ಟಿಗಳನ್ನು ಮುಂತುದಿ ಮುಟ್ಟುವ ಮೊದಲೇ ನಿಲ್ಲಿಸಿ ಪಕ್ಕದ ಪಟ್ಟಿಯಲ್ಲಿ ಕಚ್ಚು ಕೊಟ್ಟು ಸೇರಿಸಬೇಕು. ಹಿಂಭಾಗದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ 115 ಬಂದರೆ 15 ಮಿ.ಮೀ. ಹೆಚ್ಚು ಜಾಗವಿದೆ, ಮೂರು ತುಂಡು ಪಟ್ಟಿಗಳನ್ನು ನಡುನಡುವೆ ಸೇರಿಸಿ ತುಂಬಬೇಕು.

ಲೆಕ್ಕ ಸರಿಯಿದ್ದೂ ಅಂಚು ಏಳುತ್ತಿದ್ದರೆ ಕೀಲಿಗೆ ತಾಗಿ ಕೂರುವ ಮೊದಲ ಪಟ್ಟಿಯನ್ನು ನೋಡಿ. ಅದರ ಮುಂತುದಿ ಮುಂಗಂಬದ ಮೇಲೆ ಎತ್ತರಕ್ಕೆ ಹತ್ತಿರುತ್ತದೆ. ಅದು ಹತ್ತಿದಷ್ಟೂ ಮೇಲಿನವುಗಳಿಗೆ ಜಾಗ ಕಡಿಮೆ. ಆ ಪಟ್ಟಿ ಕೀಲ್ ಮೇಲಕ್ಕೆ ಬಾಗಲು ಶುರುವಾಗುವ ಜಾಗದ ಆಸುಪಾಸಿನಲ್ಲೇ ಮುಗಿಯಬೇಕು.

ಎಲ್ಲ ಪಟ್ಟಿಗಳ ನಡುವೆಯೂ ಒಂದೇ ಸಮನಾದ ಕೂದಲೆಳೆ ಬಿರುಕು ಇದ್ದರೆ ಕಾರಣ ನೀರು. 5 ಮಿ.ಮೀ. ಬಾಸ್‌ವುಡ್ ಪಟ್ಟಿ ಪೂರ್ತಿ ನೆನೆದಾಗ ಅಗಲದಲ್ಲಿ 0.2ರಿಂದ 0.3 ಮಿ.ಮೀ. ಹಿಗ್ಗುತ್ತದೆ. ಹಿಗ್ಗಿದ್ದನ್ನು ಹಾಗೇ ಅಂಟಿಸಿದರೆ ಒಣಗಿ ಕುಗ್ಗಿ ಅಷ್ಟೇ ಸಂದು ಬಿಡುತ್ತದೆ. 20 ನಿಮಿಷ ನೆನೆಸಿ, ಬಾಗಿಸಿ, ಒಡಲಿಗೇ ಕ್ಲಾಂಪ್ ಹಾಕಿ ರಾತ್ರಿಯಿಡೀ ಒಣಗಲು ಬಿಟ್ಟು ಮಾರನೆಯ ದಿನ ಅಂಟಿಸಿ. ಪಿವಿಎ, ಅಂದರೆ ಮರಗೆಲಸದ ಬಿಳಿ ಅಂಟು, ನೀರು ಬೆರೆತದ್ದು. ಒದ್ದೆ ಮರದ ಮೇಲೆ ತೆಳುವಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅವಸರವಿದ್ದರೆ ನೆನೆಸುವುದನ್ನು ಬಿಟ್ಟು ಬಿಸಿಯಿಂದ ಬಾಗಿಸಿ: ಪಟ್ಟಿಯನ್ನು ಮೇಜಿನ ಮೇಲೆ ಬೇಕಾದ ವಕ್ರಕ್ಕಿಂತ ತುಸು ಹೆಚ್ಚು ಬಾಗುವಂತೆ ಹಿಡಿಸಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಒಂದೆರಡು ನಿಮಿಷ ಕೊಟ್ಟು, ತಣ್ಣಗಾಗುವವರೆಗೆ ಮುಟ್ಟಬೇಡಿ. ಹೀಗೆ ಅಗಲದ ದಿಕ್ಕಿಗೂ ಸ್ವಲ್ಪ ಬಾಗಿಸಬಹುದು.

ಬಿರುಕು ಎರಡು ಬಲ್ಕ್‌ಹೆಡ್‌ಗಳ ನಡುವೆ ಮಾತ್ರ ಇದ್ದರೆ ಪಟ್ಟಿಯ ಅಂಚಿಗೆ ಅಂಟು ಹಾಕಿಲ್ಲ, ಅಷ್ಟೇ.

ಇನ್ನು ತಗ್ಗು, ಉಬ್ಬು. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಒಡಲಿನ ಪಕ್ಕಕ್ಕೆ ತಾಗುವಂತೆ ಹಿಡಿದರೆ ಹಗಲಲ್ಲಿ ಕಾಣದ ತಗ್ಗೆಲ್ಲ ನೆರಳಾಗಿ ಕಾಣುತ್ತದೆ. ನೆರಳು ಬಲ್ಕ್‌ಹೆಡ್ಡಿನ ಮೇಲೇ ಬಿದ್ದರೆ ಆ ಬಲ್ಕ್‌ಹೆಡ್ಡನ್ನು ಹೆಚ್ಚು ಉಜ್ಜಲಾಗಿದೆ. ನಡುವೆ ಬಿದ್ದರೆ ಬಲ್ಕ್‌ಹೆಡ್‌ಗಳ ಅಂತರ ಹೆಚ್ಚಾಗಿ ಪಟ್ಟಿ ಚಪ್ಪಟೆಯಾಗಿದೆ. ಮುಂಭಾಗದ ತೀವ್ರ ತಿರುವಿನಲ್ಲಿ ಇದು ಸಾಮಾನ್ಯ, ಅಲ್ಲಿ ಮೊದಲೇ ಬಾಲ್ಸಾ ತುಂಡು ತುಂಬಿ ಆಕಾರ ಕೊಡಬೇಕಿತ್ತು. ಬಲ್ಕ್‌ಹೆಡ್‌ಗಳ ಅಂಚಿಗೆ ಓರೆ ಕೊಡುವಾಗ ಒಂದೊಂದನ್ನೇ ಉಜ್ಜಬಾರದು. ಉದ್ದನೆಯ ಮರದ ಪಟ್ಟಿಗೆ 120ರ ಉಪ್ಪುಕಾಗದ ಅಂಟಿಸಿ ಮೂರು ನಾಲ್ಕು ಬಲ್ಕ್‌ಹೆಡ್‌ಗಳ ಮೇಲೆ ಒಟ್ಟಿಗೆ ಆಡಿಸಿ. ಪರೀಕ್ಷಾ ಪಟ್ಟಿ ಪ್ರತಿ ಅಂಚಿನ ಪೂರ್ತಿ ದಪ್ಪಕ್ಕೂ ತಾಗಬೇಕು. ಒಂದು ಮೂಲೆಗೆ ಮಾತ್ರ ತಾಗಿದರೆ ಓರೆ ಸಾಲದು. ಹೆಚ್ಚು ಸವೆದದ್ದಕ್ಕೆ 0.5 ಮಿ.ಮೀ. ಪಟ್ಟಿಯ ಚೂರು ಅಂಟಿಸಿ ಮತ್ತೆ ಉಜ್ಜಿ. ಒಳಪದರ ಮುಗಿದ ಮೇಲೆ ಸಿಕ್ಕಿದ ತಗ್ಗಿಗೆ ಪುಟ್ಟಿ ಸಾಕು, ಹೊರಪದರ ಅದನ್ನು ಮುಚ್ಚುತ್ತದೆ. ಉಬ್ಬನ್ನು ಇಳಿಸುವಾಗ ಮಾತ್ರ ಎಚ್ಚರ: 1.5 ಮಿ.ಮೀ. ಪಟ್ಟಿ 0.8ಕ್ಕಿಂತ ತೆಳ್ಳಗಾದರೆ ಬೆರಳ ಒತ್ತಡಕ್ಕೇ ಒಳಹೋಗುತ್ತದೆ.

ಹಿಂಗಂಬಕ್ಕಿಂತ ಒಡಲು ದಪ್ಪ

ಹಿಂದಿನಿಂದ ನೋಡಿದರೆ ಚುಕ್ಕಾಣಿ ಕೂರುವ ಕಂಬ 5 ಮಿ.ಮೀ., ಅದರ ಎದುರಿಗೆ ಬಂದು ನಿಂತ ಒಡಲು 9 ಮಿ.ಮೀ. ಕೂಡಿಸಿ ನೋಡಿ: ಕೀಲ್ ಹಲಗೆ 5, ಒಳಪದರ ಎರಡೂ ಕಡೆ ಸೇರಿ 3, ಹೊರಪದರ 1. ಕಿಟ್ಟಿನ ಸೂಚನಾ ಪುಸ್ತಕ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತದೆ, ಕೆಲವು ಆ ಸಾಲನ್ನೂ ಬರೆದಿರುವುದಿಲ್ಲ. ಹೊರಪದರಕ್ಕೆ ದಪ್ಪ ಮರ ಬೇಕೆಂದು 1 ಮಿ.ಮೀ. ಪೇರ್ ಮರ ತಂದವರಿಗೆ 10 ಆಗುತ್ತದೆ.

ಪಟ್ಟಿ ಹಾಕುವ ಮುಂಚೆ, ಹಿಂಭಾಗದಲ್ಲಿ ಪಟ್ಟಿಗಳು ಕೀಲ್ ಹಲಗೆಗೆ ಒರಗುವ ಗೆರೆಯಿಂದ ಕೆಳಗೆ, ಹಿಂದಕ್ಕೆ ಹೋದಂತೆ ಹಲಗೆಯನ್ನು ಉಳಿಯಿಂದ ಓರೆಯಾಗಿ ತೆಳುವು ಮಾಡಿ ಕಂಬದ ಬಳಿ 2 ಮಿ.ಮೀ. ಉಳಿಸಿ. ಒಳಪದರ ಅಂಟಿಸಿದ ಮೇಲೆ ಅಲ್ಲಿ ಅದನ್ನು ಎರಡೂ ಕಡೆ 1 ಮಿ.ಮೀ.ಗೆ ಇಳಿಸಿ. 2, ಮತ್ತೆ 1 ಮತ್ತು 1, ಮತ್ತೆ 0.5 ಮತ್ತು 0.5: ಸರಿಯಾಗಿ 5. ಹೊರಪದರ 1 ಮಿ.ಮೀ. ಆದರೆ ಒಳಪದರವನ್ನು 0.5ಕ್ಕೆ ಇಳಿಸಬೇಕು, ಇಲ್ಲವೇ ಕಂಬವನ್ನೇ 6 ಮಿ.ಮೀ. ಮಾಡಿ ಕೀಲ್, ಮುಂಗಂಬ, ಚುಕ್ಕಾಣಿ ಮೂರನ್ನೂ ಅದಕ್ಕೆ ಹೊಂದಿಸಬೇಕು. ಎರಡನೆಯ ದಾರಿ ಬಲವಾದದ್ದು, ಕೆಲಸವೂ ಹೆಚ್ಚು.

ಎಲ್ಲ ಅಂಟಿಸಿದ ಮೇಲೆ ಗೊತ್ತಾದರೆ? ಹೊರಪದರ ಇನ್ನೂ ಹಾಕಿಲ್ಲದಿದ್ದರೆ ಒಳಪದರದ ಕೊನೆಯ 40 ಮಿ.ಮೀ. ಭಾಗವನ್ನು ಉಜ್ಜಿ ಇಳಿಸಬಹುದು. ಹೊರಪದರವೂ ಮುಗಿದಿದ್ದರೆ ದಪ್ಪ ಕಂಬ ಹಾಕುವುದೊಂದೇ ದಾರಿ.

ಡೆಕ್ ಮತ್ತು ಕಿಂಡಿ

ಕಿಟ್ಟಿನ 0.5 ಮಿ.ಮೀ. ಡೆಕ್ ಪಟ್ಟಿಯ ಬದಲು 1 ಮಿ.ಮೀ. ಮೇಪಲ್ ಹಾಕಿದರೆ ಫಿರಂಗಿ ಅರ್ಧ ಮಿ.ಮೀ. ಮೇಲೇರುತ್ತದೆ. ನಿಜವಾದ ಹಡಗಿನಲ್ಲಿ ಅದು 32 ಮಿ.ಮೀ. ತಳಡೆಕ್ ಬಲ್ಕ್‌ಹೆಡ್‌ಗಳಿಗೆ ಪೂರ್ತಿ ಕೂರದೆ ಅರ್ಧ ಮಿ.ಮೀ. ಎದ್ದಿದ್ದರೆ ಅದು ಇಮ್ಮಡಿ. ಮೂತಿ ಕಿಂಡಿಯ ನಡುವಿಗೆ ಬರಬೇಕಾದ್ದು ಮೇಲಂಚಿಗೆ ತಾಗುತ್ತದೆ. ಕಿಂಡಿ ಕತ್ತರಿಸುವ ಮೊದಲೇ ಒಂದು ಫಿರಂಗಿಯನ್ನು ಪೂರ್ತಿ ಜೋಡಿಸಿ, ಡೆಕ್ ಪಟ್ಟಿಯ ಚೂರೊಂದರ ಮೇಲೆ ನಿಲ್ಲಿಸಿ ಮೂತಿಯ ಎತ್ತರ ಗುರುತು ಮಾಡಿಕೊಳ್ಳಿ. ಕಿಂಡಿ ಈಗಾಗಲೇ ಇದ್ದರೆ ಫಿರಂಗಿ ಕೂರುವ ಬಂಡಿಯ ಮೇಲಿನ ಕಚ್ಚನ್ನು ಆಳ ಮಾಡಿ; ಗಾಲಿಗಳ ಅಡಿ ಉಜ್ಜಿದರೆ ಚಪ್ಪಟೆ ಗಾಲಿ ಎದ್ದು ಕಾಣುತ್ತದೆ.

ಕಿಂಡಿಗಳೇ ಒರಗಿದಂತೆ ಕಾಣುತ್ತಿದ್ದರೆ ಅವನ್ನು ಚೌಕಮಟ್ಟ ಇಟ್ಟು ಡೆಕ್‌ಗೆ ಲಂಬವಾಗಿ ಕತ್ತರಿಸಿರುತ್ತಾರೆ. ಕಿಂಡಿಯ ಮೇಲಂಚು, ಕೆಳಂಚು ಡೆಕ್ಕಿನ ಇಳಿಜಾರಿಗೆ ಸಮಾನಾಂತರ. ಪಕ್ಕದ ಅಂಚುಗಳು ನೀರುಗೆರೆಗೆ ಲಂಬ. ಹೀಗಾಗಿ ಹಡಗಿನ ಎರಡು ತುದಿಗಳ ಕಿಂಡಿಗಳು ಶುದ್ಧ ಚೌಕವಾಗಿರುವುದಿಲ್ಲ.

ಡೆಕ್ ಆಟಿಕೆಯಂತೆ ಕಾಣಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಪಟ್ಟಿ ಮುಂದಿನಿಂದ ಹಿಂದಿನವರೆಗೆ ಅಖಂಡವಾಗಿದೆ. ಆರೇಳು ಮೀಟರ್ ಉದ್ದದ ಹಲಗೆ ಇಲ್ಲಿ 95ರಿಂದ 110 ಮಿ.ಮೀ. ಆಗುತ್ತದೆ, ಅಷ್ಟುದ್ದಕ್ಕೆ ಕತ್ತರಿಸಿ ತುದಿ ಸೇರುವ ಜಾಗಗಳನ್ನು ಸರದಿಯಲ್ಲಿ ಹಂಚಬೇಕು. ಎರಡು, ಸಂದಿನ ಕಪ್ಪುಗೆರೆ ತೀರ ದಪ್ಪ. 0.25 ಮಿ.ಮೀ. ಕಪ್ಪು ದಾರ ಹಾಕಿದರೆ ನಿಜದಲ್ಲಿ 16 ಮಿ.ಮೀ. ಅಗಲದ ಸಂದು. ಪಟ್ಟಿಯ ಒಂದೇ ಅಂಚಿಗೆ ಮೆದು ಪೆನ್ಸಿಲ್ ಎಳೆದರೆ ಸಾಕು. ವಾಲ್ನಟ್ ಪುಡಿ ಬಿಳಿ ಡೆಕ್ಕಿಗೆ ಇಳಿದು ಕೊಳಕಾಗಿದ್ದರೆ ಉಪ್ಪುಕಾಗದ ಇನ್ನೂ ಒಳಕ್ಕೆ ತಳ್ಳುತ್ತದೆ. ಬ್ಲೇಡನ್ನು ನೆಟ್ಟಗೆ ಹಿಡಿದು ಹೆರೆಯಿರಿ, ತೆಳು ಶೆಲ್ಲಾಕ್ ಒಂದು ಕೈ ಬಳಿದು ಮುಚ್ಚಿಬಿಡಿ.

ತಾಮ್ರದ ತಗಡು

ಮೊದಲು ಇತಿಹಾಸ ನೋಡಿ. ಬ್ರಿಟಿಷ್ ನೌಕಾಪಡೆ ತಾಮ್ರವನ್ನು ಮೊದಲು ಪರೀಕ್ಷಿಸಿದ್ದು 1761ರಲ್ಲಿ ಅಲಾರ್ಮ್ ಎಂಬ ಹಡಗಿನ ಮೇಲೆ. ಎಲ್ಲ ಹಡಗಿಗೂ ಹೊದಿಸಲು ಶುರುವಾದದ್ದು 1779ರ ನಂತರ. 1740ರ ಹಡಗಿಗೆ ತಾಮ್ರ ಹೊದಿಸಿದರೆ ಚೆಂದ ಕಂಡರೂ ತಪ್ಪು.

ತಗಡಿನ ಅಳತೆ 4 ಅಡಿ ಉದ್ದ, 14 ಅಂಗುಲ ಅಗಲ. 1:48ರಲ್ಲಿ 25.4 × 7.4 ಮಿ.ಮೀ., 1:64ರಲ್ಲಿ 19 × 5.6, 1:96ರಲ್ಲಿ 12.7 × 3.7. ಒಡಲು ಮೊಸಳೆ ಚರ್ಮದಂತೆ ಕಾಣುತ್ತಿದ್ದರೆ ತಗಡಿನ ಅಳತೆಗಿಂತ ಮೊಳೆ ಗುರುತಿನ ಮೇಲೆ ಅನುಮಾನಪಡಿ. ಈ ಪ್ರಮಾಣದಲ್ಲಿ ಮೊಳೆತಲೆ ಉಬ್ಬಿ ಕಾಣಲೇಬಾರದು.

ಅಂಟುಬೆನ್ನಿನ ತಾಮ್ರ ಟೇಪು ಕೆಲವು ವಾರಗಳಲ್ಲಿ ಮೂಲೆ ಎತ್ತಿದರೆ ಕೆಳಗಿನ ಮರಕ್ಕೆ ಸೀಲರ್ ಕೊಟ್ಟಿಲ್ಲ, ಇಲ್ಲವೇ ಪುಡಿ ಉಳಿದಿದೆ. ಸ್ಯಾಂಡಿಂಗ್ ಸೀಲರ್ ಎರಡು ಕೈ, 320ರಲ್ಲಿ ಉಜ್ಜು, ಸ್ಪಿರಿಟ್ ಬಟ್ಟೆಯಲ್ಲಿ ಒರೆಸು, ಆಮೇಲೆ ಟೇಪು; ಮರದ ಕಡ್ಡಿಯಿಂದ ಅಂಚು ಒತ್ತಿ. ಅಂಟಿಸುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ, ಮುಂದಿನ ತಗಡು ಹಿಂದಿನದರ ಮೇಲೆ ಕೂರಬೇಕು. ತಿರುಗಾಮುರುಗಾ ಮಾಡಿದರೆ ನೀರಿನ ಹರಿವಿಗೆ ಎದುರಾಗಿ ಪ್ರತಿ ಅಂಚೂ ಬಾಯಿ ತೆರೆದಂತಾಗುತ್ತದೆ. ಬೆರಳ ಗುರುತು ಕಂದು ಕಲೆಯಾಗಿ ಕೂತಿದ್ದರೆ ವಿನಿಗರ್‌ಗೆ ಚಿಟಿಕೆ ಉಪ್ಪು ಬೆರೆಸಿ ಹತ್ತಿಯಿಂದ ಒರೆಸಿ, ಒದ್ದೆ ಬಟ್ಟೆಯಲ್ಲಿ ಎರಡು ಸಲ ತೊಳೆದು ಕೂಡಲೇ ಒಣಗಿಸಿ. ಆಮೇಲೆ ಮುಟ್ಟುವಾಗ ಕೈಗವಸು ಇರಲಿ.

ಬಣ್ಣ ಹಿಡಿಯದ ಕಲೆ

ಮರಕ್ಕೆ ಬಣ್ಣದೆಣ್ಣೆ ಹಚ್ಚಿದಾಗ ಅಲ್ಲಲ್ಲಿ ಬಿಳಿ ಮಚ್ಚೆ ಉಳಿದರೆ ಅಲ್ಲಿ ಅಂಟು ಉಳಿದಿದೆ. ಹಚ್ಚುವ ಮೊದಲೇ ಸ್ಪಿರಿಟ್ ಒರೆಸಿದರೆ ಅಂಟು ಇರುವ ಜಾಗ ತೇವ ಹೀರದೆ ತಿಳಿಯಾಗಿ ತೋರುತ್ತದೆ. ಬ್ಲೇಡಿನಿಂದ ಹೆರೆದು 240ರಲ್ಲಿ ಉಜ್ಜಿ. ನೀರುಗೆರೆಯ ಟೇಪಿನಡಿ ಬಣ್ಣ ನುಸುಳುವುದಕ್ಕೆ ಟೇಪಿನ ಅಂಚಿಗೆ ಮೊದಲು ಪಾರದರ್ಶಕ ವಾರ್ನಿಷ್ ಒಂದು ಕೈ ಬಳಿಯುವುದೇ ಪರಿಹಾರ. ನುಸುಳುವುದಿದ್ದರೆ ವಾರ್ನಿಷ್ಷೇ ನುಸುಳಿ ಸಂದು ಮುಚ್ಚುತ್ತದೆ.

ಕೂವೆಮರ ಮತ್ತು ಹಗ್ಗ

ಹಗ್ಗಗಳನ್ನು ಬದಲಿಸಿದವರಲ್ಲಿ ಪದೇ ಪದೇ ಕಾಣುವ ತಪ್ಪು ಒಂದು ಲೆಕ್ಕದ್ದು. ಹಳೆಯ ಪಟ್ಟಿಗಳಲ್ಲಿ ಹಗ್ಗದ ಅಳತೆ ಎಂದರೆ ಸುತ್ತಳತೆ, ಅಡ್ಡಗಲವಲ್ಲ. 12 ಅಂಗುಲದ ಹಗ್ಗ ಎಂದಿದ್ದರೆ 305 ಮಿ.ಮೀ. ಸುತ್ತಳತೆ, 3.14ರಿಂದ ಭಾಗಿಸಿದರೆ ಅಡ್ಡಗಲ 97, 1:64ರಲ್ಲಿ 1.5 ಮಿ.ಮೀ. ಸುತ್ತಳತೆಯನ್ನೇ ಅಡ್ಡಗಲ ಎಂದುಕೊಂಡರೆ 4.8 ಮಿ.ಮೀ. ಬರುತ್ತದೆ, ಅಷ್ಟು ದಪ್ಪದ ದಾರ ಯಾವ ರಾಟೆಯಲ್ಲೂ ತೂರದು. ರಾಟೆಯ ತೂತು ಚಿಕ್ಕದೆಂದು ಕೊರೆದು ಹಿಗ್ಗಿಸುವ ಮೊದಲು ಈ ಲೆಕ್ಕ ಮರಳಿ ಮಾಡಿ.

ಕೂವೆಮರ ನೆಟ್ಟಾಗ ನೇರವಿತ್ತು, ಹಗ್ಗ ಕಟ್ಟಿದ ಮೇಲೆ ಒಂದು ಪಕ್ಕಕ್ಕೆ ವಾಲಿದೆ: ಒಂದು ಮಗ್ಗುಲಿನ ಶ್ರೌಡ್‌ಗಳನ್ನೆಲ್ಲ, ಅಂದರೆ ಕೂವೆಮರವನ್ನು ಪಕ್ಕದಿಂದ ಹಿಡಿದಿಡುವ ಹಗ್ಗಗಳನ್ನೆಲ್ಲ, ಕಟ್ಟಿ ಮುಗಿಸಿ ಇನ್ನೊಂದಕ್ಕೆ ಹೋಗಿರುತ್ತಾರೆ. ಬಲಗಡೆಯ ಮುಂದಿನ ಜೋಡಿ, ಎಡಗಡೆಯ ಮುಂದಿನ ಜೋಡಿ, ಮತ್ತೆ ಬಲ, ಮತ್ತೆ ಎಡ, ಇದೇ ಕ್ರಮ. ತುದಿ ಮಾತ್ರ ಬಿಲ್ಲಿನಂತೆ ಬಾಗಿದ್ದರೆ ಮೇಲಿನ ತೆಳು ಭಾಗದ ಹಗ್ಗ ಕೆಳಗಿನಷ್ಟೇ ಬಿಗಿಯಾಗಿದೆ, ಸಡಿಲಿಸಿ. ಏನೂ ಕಟ್ಟುವ ಮೊದಲೇ ಬಾಗಿದ್ದರೆ ಕೋಲೇ ಸೊಟ್ಟ. ಗಾಜಿನ ಮೇಲೆ ಉರುಳಿಸಿ ನೋಡಿ ಆರಿಸಬೇಕಿತ್ತು. ಎಳೆ ಓರೆಯಾಗಿ ಹೊರಬಂದಿರುವ ಕೋಲನ್ನು ಬಿಸಿ ಕೊಟ್ಟು ನೇರ ಮಾಡಿದರೂ ಮತ್ತೆ ಬಾಗುತ್ತದೆ. ಎಳೆ ನೇರವಿರುವ ಚೌಕ ಕಡ್ಡಿಯನ್ನು ಎಂಟು ಮೂಲೆ ಮಾಡಿ ಆಮೇಲೆ ಉರುಟು ಮಾಡುವುದು ನಂಬಿಕೆಯ ದಾರಿ.

ಶ್ರೌಡ್‌ಗಳು ಒಳಕ್ಕೆ ಎಳೆದುಕೊಂಡು ನಡುಸಣ್ಣವಾಗಿ ಕಂಡರೆ ಏಣಿ ಮೆಟ್ಟಿಲ ಹಗ್ಗಗಳನ್ನು, ಅಂದರೆ ರ‍್ಯಾಟ್‌ಲೈನ್‌ಗಳನ್ನು, ಬಿಗಿಯಾಗಿ ಕಟ್ಟಲಾಗಿದೆ. ಕಟ್ಟುವ ಮೊದಲು ಶ್ರೌಡ್‌ಗಳಿಗೆ ಅಡ್ಡಲಾಗಿ ಎರಡು ಮೂರು ಕಡೆ ಬಿರುಸು ತಂತಿ ಕಟ್ಟಿ ಅಂತರ ಹಿಡಿದಿಡಿ. ಹಿಂದೆ ಬಿಳಿ ರಟ್ಟಿನ ಮೇಲೆ 5ರಿಂದ 6 ಮಿ.ಮೀ. ಅಂತರದ ಗೆರೆಗಳನ್ನು ಎಳೆದು ನಿಲ್ಲಿಸಿ. ಗಂಟು ಕ್ಲೋವ್ ಹಿಚ್. ನಡುವಿನ ಗಂಟಿನಿಂದ ಶುರುಮಾಡಿ ಎರಡೂ ಅಂಚಿಗೆ ಹೋದರೆ ಎಳೆತ ಹಂಚಿಹೋಗುತ್ತದೆ. ಡೆಡ್‌ಐಗಳು, ಅಂದರೆ ಶ್ರೌಡ್ ಬಿಗಿಯುವ ತೂತಿನ ದುಂಡು ಮರದ ಬಿಲ್ಲೆಗಳು, ಒಂದು ಮೇಲೆ ಒಂದು ಕೆಳಗೆ ಆಗಿದ್ದರೆ ಕಣ್ಣಳತೆ ಬಿಟ್ಟು ತಂತಿಯನ್ನು ಎರಡು ಮೊನೆಯ ಕೊಕ್ಕೆಯಾಗಿ ಬಗ್ಗಿಸಿ, ಮೇಲಿನ ಮತ್ತು ಕೆಳಗಿನ ಡೆಡ್‌ಐ ತೂತುಗಳಿಗೆ ಸಿಕ್ಕಿಸಿ ಆ ಅಂತರದಲ್ಲೇ ಶ್ರೌಡ್ ಕಟ್ಟಿ. ಕೆಳಗಿನ ಕಬ್ಬಿಣಪಟ್ಟಿಗಳ ಓರೆ ಗೊತ್ತಾಗದಿದ್ದರೆ ಕೂವೆಮರದ ತಲೆಯಿಂದ ದಾರವೊಂದನ್ನು ಡೆಡ್‌ಐ ಮೇಲಿಂದ ಒಡಲಿನವರೆಗೆ ಎಳೆದು ಹಿಡಿಯಿರಿ. ಪಟ್ಟಿ ಅದೇ ಗೆರೆಯಲ್ಲಿ ಇಳಿಯಬೇಕು.

ತೇವದ ದಿನಗಳಲ್ಲಿ ಹಗ್ಗ ಬಿಗಿಯಾಗಿ, ಒಣ ದಿನಗಳಲ್ಲಿ ಜೋತುಬಿದ್ದರೆ ದಾರ ಹತ್ತಿಯದೋ ನಾರಿನದೋ ಆಗಿರುತ್ತದೆ. ಸಹಜ ನಾರಿನ ಹುರಿ ತೇವಕ್ಕೆ ಕುಗ್ಗುತ್ತದೆ. ಪಾಲಿಯೆಸ್ಟರ್ ದಾರ ಹೆಚ್ಚು ಸ್ಥಿರ. ಹತ್ತಿಯೇ ಬೇಕೆಂದರೆ ಜೇನುಮೇಣದ ಮೇಲೆ ಎಳೆದು ರೋಮ ಮಲಗಿಸಿ, ಓಡಾಡುವ ಹಗ್ಗಗಳ ಗಂಟಿಗೆ ಎರಡು ವಾರ ಅಂಟು ಹಾಕದೆ ಕಾಯಿರಿ. ಗಂಟಿನ ಸುತ್ತ ಬಿಳಿ ಮಂಜು ಕೂತಿದ್ದರೆ ಅದು ಸೂಪರ್ ಗ್ಲೂ ಆವಿ. ಗಂಟಿಗೆ ಪಿವಿಎಯನ್ನು ಸಮಪಾಲು ನೀರಿನಲ್ಲಿ ಕದಡಿ ಹಚ್ಚಿದರೆ ಮಂಜೂ ಇಲ್ಲ, ಆಮೇಲೆ ಬಿಚ್ಚಲೂ ಬರುತ್ತದೆ.

ಗಾಜಿನ ಪೆಟ್ಟಿಗೆಯಲ್ಲಿ ಬಿಳಿ ಪುಡಿ

ಮುಗಿದು ವರ್ಷಗಳ ಮೇಲೆ ಲಂಗರು, ಫಿರಂಗಿಗಳ ಮೇಲೆ ಬಿಳಿ ಹುಡಿ ಹುಟ್ಟಿದರೆ ಅದು ಧೂಳಲ್ಲ, ಸೀಸ ಕೊಳೆಯುತ್ತಿದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಓಕ್‌ನಂಥ ಮರ, ಕೆಲವು ಸಿಲಿಕೋನ್ ಅಂಟು ಬಿಡುವ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ಕುಂಚದಿಂದ ಹೊಡೆದು ಹಾರಿಸಬೇಡಿ, ಅದು ವಿಷ. ಕೈಗವಸು, ಮುಖವಾಡ ಹಾಕಿ ಆ ಭಾಗಗಳನ್ನು ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ. ಹಿತ್ತಾಳೆ ಅಥವಾ ರೆಸಿನ್ ಭಾಗಗಳನ್ನು ಕೂರಿಸಿ. ಬಣ್ಣ ಬಳಿದರೆ ನಿಲ್ಲುವುದಿಲ್ಲ, ಕೆಳಗೆ ಮುಂದುವರಿಯುತ್ತದೆ. ಪೆಟ್ಟಿಗೆಗೆ ಕೆಳಗೂ ಮೇಲೂ ಗಾಳಿಯಾಡುವ ತೂತು ಇರಲಿ.

ಬಿಚ್ಚುವುದು

ಮೇಲಿನ ಯಾವ ರಿಪೇರಿಗೂ ಅಂಟು ಬಿಡಿಸಲು ಬರಬೇಕು. ಪಿವಿಎ ಆದರೆ ಅಂಟಿಸಿದ ಸಂದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಕುಂಚದಿಂದ ಹನಿಸುತ್ತ 10ರಿಂದ 20 ನಿಮಿಷ ಒದ್ದೆಯಾಗಿಡಿ, ತೆಳು ಬ್ಲೇಡ್ ತೂರಿಸಿ ನಿಧಾನಕ್ಕೆ ಎಬ್ಬಿಸಿ. ನೀರು ಹಿಗ್ಗಿಸಿದಷ್ಟು ಅದು ಮರವನ್ನು ಹಿಗ್ಗಿಸುವುದಿಲ್ಲ. ಬಿಸಿಗಾಳಿಯೂ ಅಂಟನ್ನು ಮೆತ್ತಗೆ ಮಾಡುತ್ತದೆ, ಆದರೆ ಆಲ್ಕೊಹಾಲ್ ಹನಿಸಿದ ಜಾಗಕ್ಕೆ ಬಿಸಿ ಹಿಡಿಯಲೇಬಾರದು. ಸೂಪರ್ ಗ್ಲೂಗೆ ಅಸಿಟೋನ್. ಅದು ಬಣ್ಣ, ವಾರ್ನಿಷ್ ಎರಡನ್ನೂ ಕರಗಿಸುವುದರಿಂದ ಹನಿ ಲೆಕ್ಕದಲ್ಲಿ, ಕಿಟಕಿ ತೆರೆದು, ಬೆಂಕಿಯಿಂದ ದೂರ ಕೂತು ಬಳಸಿ. ಬಿಡಿಸಿದ ಮುಖವನ್ನು ಹಳೆಯ ಅಂಟು ಹೋಗುವವರೆಗೆ ಹೆರೆದು ಒಂದು ರಾತ್ರಿ ಒಣಗಿಸಿ. ಹಳೆ ಅಂಟಿನ ಪದರದ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ.